ಕೊರಿಯಾದ ಅಜ್ಜಿಗೆ ಹೇಳಿಕೊಟ್ಟ ವಾಕ್ ಓವರ್

ಕೊರಿಯಾದಿಂದ ಸಾಹೇಬರ ತಾಯಿ ಬರುತ್ತಾರೆ ಎಂದು ಗೊತ್ತಾದ ದಿನವೇ ನನ್ನ ಕೆಲಸ ಹೋಯಿತು ಎಂದುಕೊಂಡೆ. ಅಬುಧಾಬಿಯಲ್ಲಿ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಬೀದಿಯಲ್ಲಿ ಅವರ ಫ್ಲ್ಯಾಟು. ಅಡುಗೆಯವಳು, ಮಗು ನೋಡುವವಳು, ಬಟ್ಟೆ ಇಸ್ತ್ರಿ ಮಾಡುವವಳು, ಎಲ್ಲವೂ ನಾನೇ. ಸಾಹೇಬರು, ಮೇಡಂ ಇಬ್ಬರೂ ಆಫೀಸಿಗೆ ಹೋಗುವವರು. ಒಬ್ಬಳೇ ಮಗಳು, ಎರಡನೇ ಕ್ಲಾಸು. ನನ್ನ ವೀಸಾ ಸಾಹೇಬರ ಹೆಸರಿನ ಮೇಲೆ ಇತ್ತು, ಮುಗಿಯಲಿಕ್ಕೂ ಬಂದಿತ್ತು. ಕೇಳಿದಾಗ ಅವರು, ಅಮ್ಮ ಬರಲಿ, ಆಮೇಲೆ ನೋಡೋಣ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಇಂಗ್ಲಿಷ್ ಅಡುಗೆಮನೆಯದ್ದು. ಆದರೆ ಆಮೇಲೆ ನೋಡೋಣ ಎಂಬ ಮಾತನ್ನು ಯಾವ ಭಾಷೆಯಲ್ಲಿ ಹೇಳಿದರೂ ನನಗೆ ಅರ್ಥವಾಗುತ್ತದೆ. ದುಬೈಯ ಎರಡು ಮನೆಗಳಲ್ಲಿ ಆ ಮಾತು ಕೇಳಿಸಿಕೊಂಡೇ ಪೆಟ್ಟಿಗೆ ಕಟ್ಟಿದವಳು ನಾನು.

ಹಾಗಾದರೆ ಊರಿಗೆ ಹೋಗಬಹುದಿತ್ತಲ್ಲ ಎಂದು ಕೇಳುವವರು ಕೇಳುತ್ತಾರೆ. ಮೂಲ್ಕಿಯ ಹತ್ತಿರ ಮಗಳ ಮನೆ ಇದೆ. ಅಳಿಯ ಒಳ್ಳೆಯವನು. ಎರಡು ವರ್ಷಕ್ಕೊಮ್ಮೆ ಸೋಪು, ಸೆಂಟು, ಕಂಬಳಿ ಹೊತ್ತು ಬರುವ ಅತ್ತೆಗೆ ಒಳ್ಳೆಯವನು. ಬಂದು ಅಲ್ಲೇ ಕೂತುಬಿಟ್ಟ ಅತ್ತೆಗೆ ಹೇಗಿರುತ್ತಾನೋ, ನೋಡುವ ಆಸೆ ನನಗಿಲ್ಲ. ಕೈಕಾಲು ಆಡುವವರೆಗೆ ಒಂದು ಅಡುಗೆಮನೆ ನನ್ನ ಸುಪರ್ದಿಯಲ್ಲಿ ಇರಬೇಕು. ಅದು ಯಾರ ಅಡುಗೆಮನೆಯಾದರೂ ಆಗಬಹುದು.

ಮೇಲಿನ ಮಾಳಿಗೆಯಲ್ಲಿ ಮಂಗಳೂರಿನ ಕೊಂಕಣಿ ಹೆಂಗಸೊಬ್ಬಳು ಕೆಲಸಕ್ಕಿದ್ದಳು, ಬಾಯಿ ಎಂದೇ ನಾವು ಅವಳನ್ನು ಕರೆಯುವುದು. ಕೆಳಗಿನ ಬಕಾಲಾದಲ್ಲಿ ಕೊತ್ತಂಬರಿ ಸೊಪ್ಪು, ಹಾಲು ತರಲಿಕ್ಕೆ ಹೋದಾಗ ನಮ್ಮ ಭೇಟಿ. ಆ ಅಂಗಡಿಯ ಫ್ರಿಜ್ಜಿನ ಮುಂದೆ ನಿಂತು ನಾವು ಎಷ್ಟೋ ಸಂಸಾರಗಳ ತೀರ್ಮಾನ ಮಾಡಿದ್ದೇವೆ. ವಿಷಯ ಹೇಳಿದೆ. ಅವಳು ಹಾಲಿನ ತಾರೀಕು ನೋಡುತ್ತಲೇ ಹೇಳಿದಳು:

"ಅತ್ತೆ ಬಂದ್ಲು ಅಂದ್ರೆ ಕೆಲಸದವಳು ಖಲಾಸ್ ಅಕ್ಕ. ಈಗ್ಲೇ ಬೇರೆ ಮನೆ ನೋಡಿ."

"ಈ ವಯಸ್ಸಲ್ಲಿ ನನ್ನನ್ನು ಯಾರು ತೆಕ್ಕೊಳ್ತಾರೆ ಮಾರಾಯ್ತಿ?"

"ಅದೂ ಹೌದು" ಎಂದಳು. ಸುಳ್ಳು ಸಮಾಧಾನ ಹೇಳುವವಳಲ್ಲ, ಅದಕ್ಕೇ ನನಗೆ ಅವಳು ಇಷ್ಟ.

ಅಜ್ಜಿ ಬಂದಳು. ಮಗು ಅವಳನ್ನು ಹಲ್ಮೊನಿ ಎಂದು ಕರೆಯುತ್ತಿತ್ತು, ಅವರಲ್ಲಿ ಅಜ್ಜಿಗೆ ಹಾಗೆ ಹೇಳುವುದು. ನಾನು ಅಜ್ಜಿ ಎಂದೇ ಬರೆಯುತ್ತೇನೆ. ಕುಳ್ಳಗೆ, ಗಟ್ಟಿಮುಟ್ಟಾಗಿ, ಕೂದಲನ್ನು ಸುರುಳಿ ಸುರುಳಿ ಮಾಡಿಸಿಕೊಂಡು, ಮನೆಯೊಳಗೂ ಹೂವಿನ ಚಿತ್ರದ ತೋಳಿಲ್ಲದ ಕೋಟು ಹಾಕಿಕೊಂಡು ತಿರುಗುವವಳು. ಪೆಟ್ಟಿಗೆ ತೆರೆದರೆ ಮೆಣಸಿನ ಪುಡಿ, ಒಣಮೀನು, ಕಡಲ ಪಾಚಿಯ ಹಾಳೆ. ಬಟ್ಟೆ ಒಂದು ಮೂಲೆಯಲ್ಲಿ ಸ್ವಲ್ಪ. ಇವಳು ತಿರುಗಾಡಲಿಕ್ಕೆ ಬಂದವಳಲ್ಲ, ಅಡುಗೆ ಮಾಡಲಿಕ್ಕೆ ಬಂದವಳು ಎಂದು ನೋಡಿದ ಕೂಡಲೇ ತಿಳಿಯಿತು.

ಬಂದ ಸಂಜೆ ಅವಳು ಮೊದಲು ಕೇಳಿದ್ದು ನನ್ನ ವಯಸ್ಸು. ಹೆಸರು ಕೂಡ ಕೇಳಲಿಲ್ಲ. ಮಗು ನಡುವೆ ನಿಂತು ಅಜ್ಜಿಯ ಮಾತನ್ನು ಇಂಗ್ಲಿಷ್ ಮಾಡಿತು. ಅವರಲ್ಲಿ ಯಾರು ದೊಡ್ಡವರು, ಯಾರು ಸಣ್ಣವರು ಎಂದು ಗೊತ್ತಾಗದೆ ಮಾತು ಶುರು ಮಾಡುವ ಹಾಗೇ ಇಲ್ಲವಂತೆ. ನಾನು ಪಾಸ್‌ಪೋರ್ಟಿನ ವಯಸ್ಸು ಹೇಳಿದೆ. ನನ್ನ ನಿಜವಾದ ವಯಸ್ಸು ಅದಲ್ಲ. ನಾನು ಮೊದಲ ಸಲ ಬರುವಾಗ, ಮನೆಕೆಲಸಕ್ಕೆ ಹೋಗುವ ಹೆಂಗಸಿಗೆ ಇಷ್ಟು ವಯಸ್ಸಾಗಿರಬೇಕು ಎಂದು ಕಾನೂನಿತ್ತು, ನನಗೆ ಆಗಿರಲಿಲ್ಲ. ಏಜೆಂಟ್ ಕೆಲವು ವರ್ಷ ಸೇರಿಸಿ ಬರೆಸಿದ. ಆ ಕಾಲದಲ್ಲಿ ಬಂದ ಎಷ್ಟೋ ಹೆಂಗಸರು ಹೀಗೆ ವಿಮಾನದಲ್ಲಿ ಕೂರುವ ಮೊದಲೇ ಮುದುಕಿಯರಾದವರು. ಅಮ್ಮ ಹೇಳುತ್ತಿದ್ದ ಲೆಕ್ಕ ಹಿಡಿದರೆ ನಾನು ಅಜ್ಜಿಗಿಂತ ನಾಲ್ಕು ವರ್ಷಕ್ಕೆ ಸಣ್ಣವಳು. ಪಾಸ್‌ಪೋರ್ಟ್ ಹಿಡಿದರೆ ದೊಡ್ಡವಳು. ಇಷ್ಟು ವರ್ಷ ಎಲ್ಲರಿಗೂ ಪಾಸ್‌ಪೋರ್ಟಿನದ್ದೇ ಹೇಳಿ ಅಭ್ಯಾಸವಾಗಿ, ಅವಳಿಗೂ ಅದನ್ನೇ ಹೇಳಿದೆ.

ಅವಳು ಎದ್ದು ನಿಂತು ಸೊಂಟ ಬಗ್ಗಿಸಿದಳು. "ಒನ್ನಿ" ಎಂದಳು. ಅಕ್ಕ ಎಂದು ಅರ್ಥ ಅಂತ ಮಗು ಹೇಳಿತು. ಯಜಮಾನರ ತಾಯಿ ಕೆಲಸದವಳನ್ನು ಅಕ್ಕ ಎನ್ನುವುದನ್ನು ನಾನು ಆವರೆಗೆ ಎಲ್ಲಿಯೂ ನೋಡಿರಲಿಲ್ಲ. ನನಗೆ ಖುಷಿಯಾಗಲಿಲ್ಲ. ಬೆಣ್ಣೆ ಹಚ್ಚುತ್ತಿದ್ದಾಳೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವಳು ಎದ್ದು ಬರುವ ಮೊದಲೇ ನಾನು ಒಲೆಯ ಮುಂದೆ ನಿಂತಿದ್ದೆ. ಅವಳು ಬಂದಳು, ನನ್ನನ್ನು ನೋಡಿದಳು, ಸೌಟು ನೋಡಿದಳು. ನಾನು ಸೌಟು ಕೆಳಗಿಡಲಿಲ್ಲ. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಬೆಳ್ಳುಳ್ಳಿಯ ಬುಟ್ಟಿ ಎತ್ತಿಕೊಂಡು ನೆಲದ ಮೇಲೆ ಕಾಲು ಮಡಚಿ ಕೂತು ಸುಲಿಯಲಿಕ್ಕೆ ಶುರು ಮಾಡಿದಳು. ಒಂದು ಗೆದ್ದೆ ಎಂದುಕೊಂಡೆ. ಮಗುವಿನ ಜಡೆ ಹಾಕಲಿಕ್ಕೆ ಬಾಚಣಿಗೆ ತಂದಳು. ನಾನು ಕೈ ಚಾಚಿದೆ, ಕೊಟ್ಟುಬಿಟ್ಟಳು. ಅದನ್ನೂ ಗೆದ್ದೆ. ಅವಳ ಊರಿನ ಖಾರದ ಎಲೆಕೋಸು ನಾನು ಮಾಡಿದರೆ ಬಹಳ ಉಪ್ಪಾಗುತ್ತಿತ್ತು, ನನಗೇ ಗೊತ್ತಾಗುತ್ತಿತ್ತು. ಅವಳು ಮಾತಿಲ್ಲದೆ ತಿಂದಳು. ಒಂದು ವಾರ ಆಗುವಾಗ ನನಗೆ ಧೈರ್ಯ ಬಂತು. ಈ ಅಜ್ಜಿಗೆ ನನ್ನ ಜಾಗ ಹಿಡಿಯುವ ತಾಕತ್ತಿಲ್ಲ, ಮೆತ್ತಗಿನ ಹೆಂಗಸು ಎಂದು ಬಾಯಿಯ ಹತ್ತಿರ ಕೊಚ್ಚಿಕೊಂಡೆ ಕೂಡ.

ಕಲ್ಲಾಟ ಶುರುವಾದದ್ದು ಆ ವಾರದಲ್ಲೇ. ನಮ್ಮ ಬಿಲ್ಡಿಂಗಿನ ಕೆಳಗೆ ಲಿಫ್ಟಿನ ಹತ್ತಿರ ಕುಂಡಗಳಿದ್ದವು, ಮಣ್ಣು ಕಾಣದ ಹಾಗೆ ಮೇಲೆ ಬಿಳಿ ಕಲ್ಲು ಹರಡಿದ್ದರು. ಮಗುವನ್ನು ಸ್ಕೂಲ್ ಬಸ್ಸಿಗೆ ಬಿಟ್ಟು ಬರುವಾಗ ಅಜ್ಜಿ ನಿಂತು, ವಾಚ್‌ಮನ್ ಅತ್ತ ತಿರುಗಿದ್ದನ್ನು ನೋಡಿ, ಐದು ಕಲ್ಲು ಆರಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. ಐದೇ. ನಾಲ್ಕಲ್ಲ, ಆರಲ್ಲ. ಒಂದೇ ಅಳತೆಯವು. ಅದನ್ನು ನೋಡಿದಾಗಲೇ ನನಗೆ ಅಂದಾಜಾಯಿತು. ಮಧ್ಯಾಹ್ನ ಅಡುಗೆಮನೆಯ ನೆಲದಲ್ಲಿ ಚಾಪೆ ಹಾಕಿ ಕೂತು ಒಂದು ಕಲ್ಲನ್ನು ಮೇಲಕ್ಕೆ ಹಾರಿಸಿ, ಅದು ಬೀಳುವುದರೊಳಗೆ ಕೆಳಗಿನ ಒಂದನ್ನು ಎತ್ತಿ, ಹಾರಿಸಿದ್ದನ್ನು ಹಿಡಿದಳು. ನಮ್ಮದೇ ಆಟ. ಗೇರುಮರದ ಅಡಿಯಲ್ಲಿ ಲಂಗದ ಮಡಿಲು ತುಂಬ ಕಲ್ಲು ಕಟ್ಟಿಕೊಂಡು ಹೋಗಿ ನಾವು ಆಡುತ್ತಿದ್ದ ಆಟ. ಶಾಲೆಗೆ ಹೋದದ್ದಕ್ಕಿಂತ ಅದನ್ನು ಆಡಿದ್ದು ಹೆಚ್ಚು. ಒಂದೊಂದು, ಎರಡೆರಡು, ಮೂರು, ನಾಲ್ಕು, ಎಲ್ಲ ಒಂದೇ ಕ್ರಮ. ಕೊನೆಗೆ ಐದನ್ನೂ ಅಂಗೈಯಿಂದ ಹಾರಿಸಿ, ಕೈ ಮಗುಚಿ ಮುಂಗೈ ಮೇಲೆ ನಿಲ್ಲಿಸಿ, ಮತ್ತೆ ಹಾರಿಸಿ ಗಾಳಿಯಲ್ಲೇ ಕಸಿಯಬೇಕು. ಕೈಗೆ ಬಂದ ಒಂದೊಂದು ಕಲ್ಲಿಗೆ ಅವರಲ್ಲಿ ಒಂದೊಂದು ವರ್ಷ. ನೂರು ವರ್ಷ ಮೊದಲು ಯಾರಿಗೆ ತುಂಬುತ್ತದೋ ಅವರು ಗೆದ್ದ ಹಾಗೆ. ಬೇಗ ಮುದುಕಿಯಾಗುವುದಕ್ಕೆ ಸ್ಪರ್ಧೆ ಮಾಡುವ ಜನರನ್ನು ನಾನು ಅಲ್ಲೇ ನೋಡಿದ್ದು.

ದಿನಾ ಊಟ ಆದ ಮೇಲೆ ಆಡಿದೆವು. ದಿನಾ ನಾನೇ ಗೆದ್ದೆ. ಅವಳದ್ದು ಕೊನೆಯ ಹಂತದಲ್ಲಿ ಎಡವಟ್ಟು. ಮುಂಗೈ ಮೇಲೆ ನಿಂತ ಕಲ್ಲು ಜಾರಿ ಚಾಪೆಗೆ ಬೀಳುವುದು. ಬೆರಳಿನ ಗಂಟು ಊದಿರಬೇಕು ಎಂದುಕೊಂಡೆ. ನನಗೆ ಪಾಪ ಎನಿಸಲಿಲ್ಲ, ಗೆಲ್ಲುವುದೆಂದರೆ ನನಗೆ ಯಾವಾಗಲೂ ಇಷ್ಟ. ಮಧ್ಯಾಹ್ನ ಗೆದ್ದರೆ ಸಂಜೆ ಚಪಾತಿ ಲಟ್ಟಿಸುವ ಕೈಗೆ ಬೇರೆಯೇ ಹುರುಪು.

ಅಜ್ಜಿಗೆ ಇನ್ನೊಂದು ಹುಚ್ಚಿತ್ತು, ಇಂಗ್ಲಿಷ್. ಅವಳು ಕೊರಿಯಾ ಭಾಷೆಯಲ್ಲಿ ಕೇಳಿದರೆ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿತ್ತು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳೆಲ್ಲ ಹಾಗೆಯೇ, ನಮ್ಮವರದ್ದೂ ಅಷ್ಟೇ. ಅದಕ್ಕೆ ಅಜ್ಜಿ ಫೋನಿನಲ್ಲಿ ಪಾಠ ಹಾಕಿಸಿಕೊಂಡಿದ್ದಳು. ಕೊರಿಯಾದವರಿಗೆಂದೇ ಮಾಡಿದ ಪಾಠ, ದಿನಕ್ಕೊಂದು ಮಾತು. ಮೊದಲು ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಹೇಳುತ್ತಾನೆ. ಆಮೇಲೆ ಒಬ್ಬಳು ಹೆಂಗಸು ಅವರ ಭಾಷೆಯಲ್ಲಿ ರಾಗವಾಗಿ ವಿವರಿಸುತ್ತಾಳೆ. ಆಮೇಲೆ ಅಜ್ಜಿ ಫೋನನ್ನು ಬಾಯಿಯ ಹತ್ತಿರ ಹಿಡಿದು ಗಟ್ಟಿಯಾಗಿ ಹೇಳಬೇಕು. ಸರಿಯಾದರೆ ಗಂಟೆ ಬಾರಿಸುತ್ತದೆ. ನಾನು ಪಾತ್ರೆ ಒರೆಸುತ್ತಾ ಕೇಳುತ್ತಿದ್ದೆ. ಹೆಚ್ಚಿನವು ನನಗೆ ಬೇಡದ ಮಾತುಗಳು. ವಿಮಾನ ನಿಲ್ದಾಣ, ಹವಾಮಾನ, ತಲೆನೋವು.

ಒಂದು ಶುಕ್ರವಾರ, ಮಗು ಮಧ್ಯಾಹ್ನವೇ ಸ್ಕೂಲಿನಿಂದ ಬಂದಿತ್ತು. ನಾನು ಆಗಷ್ಟೇ ನೂರು ವರ್ಷ ಮುಗಿಸಿ ಕಲ್ಲು ಒಟ್ಟು ಮಾಡುತ್ತಿದ್ದೆ. ಫೋನಿನ ಗಂಡಸು ಹೇಳಿದ: ವಾಕ್ ಓವರ್.

ನಾನು ನಕ್ಕುಬಿಟ್ಟೆ. ಇಂಗ್ಲಿಷಿನಲ್ಲಿ ನನಗೆ ಊರಿನಲ್ಲೇ ಗೊತ್ತಿದ್ದ ಮಾತುಗಳು ನಾಲ್ಕೈದು. ಅದರಲ್ಲಿ ಅದು ಒಂದು. ನನ್ನ ಅಣ್ಣ ಕಬಡ್ಡಿ ಆಡುತ್ತಿದ್ದ. ಮೈಕಿನವನು ವಾಕ್ ಓವರ್ ಎಂದು ಕೂಗಿದರೆ ಅಂಗಳದ ಸುತ್ತ ನಿಂತವರೆಲ್ಲ ಛೇ ಎಂದು ಮನೆಗೆ ಹೋಗುವುದು.

ಅಜ್ಜಿ ಫೋನಿಗೆ "ವೊಕು ಓಬೊ" ಎಂದಳು. ಗಂಟೆ ಬಾರಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಬಾರಿಸಲಿಲ್ಲ. ಫೋನಿನ ಹೆಂಗಸು ಹೇಳಿದ ಅರ್ಥವೂ ಅವಳಿಗೆ ಹಿಡಿಸಿದ ಹಾಗೆ ಕಾಣಲಿಲ್ಲ, ಹುಬ್ಬು ಗಂಟಾಗಿಯೇ ಇತ್ತು. ಮಗುವನ್ನು ಕೇಳಿದಳು. ಮಗು ಬಿಸ್ಕತ್ತು ತಿನ್ನುತ್ತಾ, ಸುಲಭವಾಗಿ ಗೆಲ್ಲುವುದು ಎಂದಿತು. ಅಷ್ಟು ಸಾಲದು ಎಂದು ನಾನು ನಡುವೆ ಬಾಯಿ ಹಾಕಿದೆ. ಕಲಿಸುವ ಅವಕಾಶ ನನಗೆ ಜನ್ಮದಲ್ಲಿ ಸಿಕ್ಕಿದ್ದು ಅದೊಂದೇ. ಮಗುವಿಗೆ ಹೇಳಿದೆ, ಮಗು ಅಜ್ಜಿಗೆ ಹೇಳಿತು. ನನ್ನ ಅಣ್ಣನ ತಂಡ ಒಮ್ಮೆ ಫೈನಲಿಗೆ ಬಂತು. ಎದುರು ತಂಡದ ವ್ಯಾನು ದಾರಿಯಲ್ಲಿ ಕೆಟ್ಟು ನಿಂತು ಅವರು ಬರಲೇ ಇಲ್ಲ. ನಮ್ಮವರು ಖಾಲಿ ಅಂಗಳದಲ್ಲಿ ಸಾಲಾಗಿ ನಿಂತರು, ಕಪ್ಪು ಕೊಟ್ಟರು. ಆಡದೆ ಸಿಕ್ಕಿದ ಕಪ್ಪು. ಅಣ್ಣ ಅದನ್ನು ಯಾರಿಗೂ ತೋರಿಸಲಿಲ್ಲ. ಅಮ್ಮ ಅದರಲ್ಲಿ ಹುಣಸೆ ಬೀಜ ಹಾಕಿಟ್ಟಳು. ಎದುರಿನವರು ಅಂಗಳಕ್ಕೇ ಬಾರದೆ ನಮಗೆ ಸಿಕ್ಕುವ ಗೆಲುವು, ಅದು ವಾಕ್ ಓವರ್. ಎದುರಿನವರು ಬಂದೂ ಬಾರದವರ ಹಾಗೆ ಆಡಿದರೆ ಅದಕ್ಕೂ ಹಾಗೇ ಹೇಳುತ್ತಾರೆ.

ಮಗು ಅದನ್ನೆಲ್ಲ ಎಷ್ಟು ಸರಿಯಾಗಿ ಹೇಳಿತೋ ಗೊತ್ತಿಲ್ಲ. ಅಜ್ಜಿಯ ಹುಬ್ಬು ಸಡಿಲಾಯಿತು. "ಬುಜೊನ್‌ಸುಂಗ್" ಎಂದು ತನ್ನ ಭಾಷೆಯ ಮಾತು ಹೇಳಿ ತೊಡೆ ತಟ್ಟಿಕೊಂಡಳು. ಅವರಲ್ಲೂ ಇದೆ ಅಂತಾಯಿತು. ಆಮೇಲೆ ಸ್ವಲ್ಪ ಹೊತ್ತು ಚಾಪೆಯ ಮೇಲಿನ ಕಲ್ಲನ್ನೇ ನೋಡಿದಳು. ಮುಗುಳ್ನಗುತ್ತಾ, ಮೊದಲು ಕಲ್ಲಿಗೆ, ಆಮೇಲೆ ನನಗೆ ಬೆರಳು ತೋರಿಸಿದಳು.

"ಒನ್ನಿ, ಎವ್ರಿ ಡೇ, ವೊಕು ಓಬೊ."

ನನಗೆ ತಕ್ಷಣ ತಲೆಗೆ ಹೋಗಲಿಲ್ಲ. ಮಗುವೇ ಕೇಳಿ ಹೇಳಿತು. ಅಜ್ಜಿ ಬೇಕೆಂದೇ ಕಲ್ಲು ಬೀಳಿಸುತ್ತಿದ್ದಳಂತೆ. ದೊಡ್ಡವರ ಎದುರು ಕೂತು ಅವರನ್ನು ದಿನಾ ಸೋಲಿಸುವುದು ಚೆನ್ನಾಗಿರುವುದಿಲ್ಲವಂತೆ. ಅಕ್ಕನ ಕೈ ಮೇಲಾಗಲಿ ಎಂದು ಬಿಟ್ಟುಕೊಟ್ಟದ್ದಂತೆ. ಇಷ್ಟು ಹೇಳಿ ಅಜ್ಜಿ ಫೋನು ಎತ್ತಿ ಮತ್ತೊಮ್ಮೆ ಹೇಳಿದಳು, ಈ ಸಲ ಗಂಟೆ ಬಾರಿಸಿತು. ಅವಳಿಗೆ ಸಂತೋಷವೋ ಸಂತೋಷ. ಅವಳ ಮನಸ್ಸಿನಲ್ಲಿ ನನ್ನನ್ನು ಹಂಗಿಸುವುದು ಇರಲಿಲ್ಲ. ಹೊಸ ಮಾತಿಗೆ ಕಣ್ಣೆದುರೇ ಒಂದು ಉದಾಹರಣೆ ಸಿಕ್ಕಿತ್ತು, ಹೇಳಿದಳು.

ನನಗೆ ಮಾತ್ರ ಮೈ ಉರಿದುಹೋಯಿತು. ಪಾತ್ರೆಗಳನ್ನು ಕಪಾಟಿನೊಳಗೆ ತಳ್ಳಿದ ಸದ್ದಿಗೆ ಮಗು ಓಡಿಹೋಯಿತು. ಕಲ್ಲಿನದ್ದು ಹೋಗಲಿ. ಸೌಟು? ಬಾಚಣಿಗೆ? ಉಪ್ಪಾದ ಎಲೆಕೋಸು? ನಾನು ಹೋರಾಡಿ ಉಳಿಸಿಕೊಂಡೆ ಎಂದುಕೊಂಡದ್ದೆಲ್ಲ ಅವಳು ಪಾಸ್‌ಪೋರ್ಟಿನ ಅಕ್ಕನಿಗೆ ಬಿಟ್ಟುಕೊಟ್ಟದ್ದು. ಇಡೀ ಅಡುಗೆಮನೆಯೇ ವಾಕ್ ಓವರ್.

ಬಕಾಲಾದಲ್ಲಿ ಬಾಯಿಗೆ ಹೇಳಿದೆ, ನಿಜ ಹೇಳಿಬಿಡುತ್ತೇನೆ, ನಾನೇ ಸಣ್ಣವಳು ಎಂದು. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

"ನಿಮ್ಗೆ ತಲೆ ಸರಿ ಉಂಟಾ? ಅಕ್ಕ ಆಗಿಯೇ ಕೂತ್ಕೊಳ್ಳಿ. ವೀಸಾ ಹೊಡೆಸಿ ಆದ್ಮೇಲೆ ಬೇಕಾದ್ರೆ ಮಗು ಆಗಿ."

ಅವಳು ಹೇಳಿದ್ದೇ ಸರಿ. ಅಕ್ಕನೆಂದು ಮರ್ಯಾದೆ ಕೊಟ್ಟು ಸೌಟು ಬಿಟ್ಟವಳು, ತಂಗಿ ಎಂದು ತಿಳಿದರೆ ಸೌಟು ಕಿತ್ತುಕೊಳ್ಳುತ್ತಾಳೆ. ಸೌಟು ಅವಳ ಕೈಗೆ ಹೋದರೆ ಸಾಹೇಬರು ನನ್ನ ವೀಸಾಕ್ಕೆ ಯಾಕೆ ಓಡಾಡುತ್ತಾರೆ? ಬುದ್ಧಿ ಇದ್ದವರು ಸುಮ್ಮನಿರುತ್ತಿದ್ದರು. ನಾನು ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನವೂ ಆಟಕ್ಕೆ ಕೂತೆ, ಅವಳ ಮುಂಗೈಯಿಂದ ಕಲ್ಲು ಜಾರುವುದನ್ನು ಈಗ ತಿಳಿದು ನೋಡಿದೆ. ಎಷ್ಟು ನಾಜೂಕಾಗಿ ಜಾರಿಸುತ್ತಿದ್ದಳು ಎಂದರೆ, ಹಾಗೆ ಬೀಳಿಸಬೇಕಾದರೆ ಹಿಡಿಯುವುದಕ್ಕಿಂತ ಹೆಚ್ಚು ಕೈಚಳಕ ಬೇಕು. ನನ್ನಿಂದ ತಡೆಯಲಾಗಲಿಲ್ಲ. ಇದು ಸತ್ಯಸಂಧತೆಯೂ ಅಲ್ಲ ಎಂಥದ್ದೂ ಅಲ್ಲ. ಮಗುವಿನ ಜೊತೆ ಆಡಿದ ಹಾಗೆ ನನ್ನ ಜೊತೆ ಆಡುತ್ತಿದ್ದಾಳಲ್ಲ ಎಂಬ ಸಿಟ್ಟು, ಅಷ್ಟೇ.

ಮೂರನೇ ದಿನ ಕಲ್ಲು ಮುಟ್ಟುವ ಮೊದಲೇ ಹೇಳಿದೆ.

"ಪಾಸ್‌ಪೋರ್ಟ್ ಬಿಗ್. ಮೀ ಸ್ಮಾಲ್. ಯು ಒನ್ನಿ. ನೋ ವಾಕ್ ಓವರ್. ಪ್ಲೇ."

ಅವಳಿಗೆ ಅರ್ಥವಾಗಲಿಲ್ಲ. ಮಗು ಬಂದ ಮೇಲೆ ಏಜೆಂಟಿನ ಕಥೆ ಪೂರಾ ಹೇಳಿಸಿದೆ. ಅಜ್ಜಿ ನನ್ನ ಮುಖವನ್ನು ಹತ್ತಿರ ಬಂದು ನೋಡಿದಳು, ಮೀನು ತಾಜಾ ಇದೆಯೋ ಎಂದು ನೋಡುವ ಹಾಗೆ. ತನಗಿಂತ ಎಷ್ಟು ವರ್ಷ ಸಣ್ಣವಳು ಎಂದು ಕೇಳಿದಳು. ನಾನು ನಾಲ್ಕು ಬೆರಳು ತೋರಿಸಿದೆ. ಆಗ ಅವಳ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ. ಎದುರಿಗಿದ್ದ ಲೋಟವನ್ನು ಎತ್ತಿ ನನ್ನ ಕಡೆಗೆ ಚಾಚಿದಳು. ಅಲ್ಲಿಯವರೆಗೆ ಬಾರ್ಲಿ ನೀರು ನನಗೆ, ಹಿರಿಯರಿಗೆ ಕೊಡುವ ಹಾಗೆ, ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ಕೊಡುತ್ತಿದ್ದವಳು ಅವಳು. ನಾನು ಎದ್ದು ಅವಳ ಲೋಟಕ್ಕೆ ಬಗ್ಗಿಸಿದೆ. ಅವಳು ಮಗುವಿಗೆ ಏನೋ ಹೇಳಿದಳು. ಮಗು ನಕ್ಕಿತು. ಹಲ್ಮೊನಿ ಈಗ ನಿಮ್ಮ ಜೊತೆ ಸಣ್ಣವರ ಹತ್ತಿರ ಮಾತಾಡುವ ಮಾತಿನಲ್ಲಿ ಮಾತಾಡುತ್ತಿದ್ದಾರೆ ಎಂದಿತು. ನಮ್ಮಲ್ಲಿ ನೀವು ಹೋಗಿ ನೀನು ಆದ ಹಾಗೆ.

ಆಮೇಲೆ ಆಡಿದಳು. ನಾನು ಹಾಗೆ ಆಡುವುದನ್ನು ನನ್ನ ಬಾಲ್ಯದಲ್ಲೂ ನೋಡಿಲ್ಲ. ಊದಿದ ಗಂಟು ಎಂದುಕೊಂಡ ಬೆರಳುಗಳು ಚಾಪೆಯನ್ನು ಮುಟ್ಟದೆ ಕಲ್ಲು ಎತ್ತಿದವು. ಐದೂ ಮುಂಗೈ ಮೇಲೆ ಅಂಟು ಹಾಕಿದ ಹಾಗೆ ನಿಂತವು, ಹಾರಿದವು, ಮುಷ್ಟಿಯೊಳಗೆ ಹೋದವು. ಅವಳಿಗೆ ನೂರು ವರ್ಷ ಆಗುವಾಗ ನಾನು ಇನ್ನೂ ಹುಟ್ಟಿರಲಿಲ್ಲ. ನಾನು ಸೋತೆ, ಚೆನ್ನಾಗಿ ಸೋತೆ, ಮರುದಿನವೂ ಸೋತೆ. ಸಿಟ್ಟು ಅಲ್ಲಿಗೆ ಇಳಿಯಿತು. ಇಂಥವಳ ಕೈಯಲ್ಲಿ ಸೋತರೆ ಊಟ ಸೇರದೆ ಹೋಗುವುದಿಲ್ಲ.

ಆದರೆ ಬಾಯಿ ಹೇಳಿದ ಹಾಗೆಯೇ ಆಯಿತು. ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ನಿಂತಿದ್ದರೆ, ಅಜ್ಜಿ ಬಂದು ಭುಜದಿಂದ ನನ್ನನ್ನು ಪಕ್ಕಕ್ಕೆ ಸರಿಸಿದಳು. ಸೌಟು ಅವಳ ಕೈಗೆ ಹೋಯಿತು. ಎಲೆಕೋಸು ತಿಂದು ಮುಖ ಕಿವುಚಿ, ಉಪ್ಪಿನ ಡಬ್ಬಿಯನ್ನು ನನ್ನ ಕೈಗೆ ಸಿಗದ ಮೇಲಿನ ಕಪಾಟಿಗೆ ಇಟ್ಟಳು. ಅವಳ ಕೈಗೂ ಅದು ಸಿಗುತ್ತಿರಲಿಲ್ಲ, ಸ್ಟೂಲು ಹತ್ತಿ ಇಟ್ಟದ್ದು. ಬೆಳ್ಳುಳ್ಳಿ ಸುಲಿಯುವುದು ನನ್ನ ಪಾಲಿಗೆ ಬಂತು, ಅದೂ ಅವಳು ಹೇಳಿದ ಹಾಗೆ, ತೊಟ್ಟು ಉಳಿಯದಂತೆ. ನಾನು ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿ ತೋರಿಸಿದಳು. ದಿನವಿಡೀ ಒಂದಲ್ಲ ಒಂದು ಹೇಳುತ್ತಲೇ ಇರುವುದು. ನನಗೆ ಭಾಷೆ ಬಾರದು ಎಂಬುದು ಅವಳಿಗೆ ಒಂದು ಲೆಕ್ಕಕ್ಕೇ ಇರಲಿಲ್ಲ. ನಾನೂ ತುಳುವಿನಲ್ಲಿ ವಾಪಸು ಕೊಡುತ್ತಿದ್ದೆ. ಅವಳು ಗೊಣಗುವುದು, ನಾನು ಗೊಣಗುವುದು. ಮೇಡಂ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ಗಾಬರಿಯಾಗಿ ಹೋದರು.

ಬಾಯಿ ಹೇಳಿದಳು: "ಅಲ್ಲಿಗೆ ಮುಗೀತು. ಪೆಟ್ಟಿಗೆ ಕೆಳಗೆ ಇಳಿಸಿ ಅಕ್ಕ." ನಾನು ಇಳಿಸಿದ್ದೆ. ಅಟ್ಟದಿಂದ ತೆಗೆದು ಧೂಳು ಒರೆಸಿ ಇಟ್ಟಿದ್ದೆ.

ಒಂದು ರಜೆಯ ದಿನ ಬೆಳಿಗ್ಗೆ ಸಾಹೇಬರು ನನ್ನನ್ನು ಊಟದ ಮೇಜಿಗೆ ಕರೆದರು. ಮೇಡಂ ಇದ್ದರು, ಮಗು ಇತ್ತು, ಅಜ್ಜಿ ಸೇಬು ಹೆಚ್ಚುತ್ತಿದ್ದಳು. ಸಾಹೇಬರು ಮರ್ಯಾದಸ್ಥರು, ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳುವವರು. ಅಮ್ಮ ಇನ್ನು ಇಲ್ಲಿಯೇ ಇರುತ್ತಾರೆ ಎಂದರು. ನನ್ನ ವಯಸ್ಸಿಗೆ ವೀಸಾ ಹೊಸದು ಮಾಡಿಸುವುದು ಕಷ್ಟದ ಕೆಲಸ ಎಂದರು. ನೀವು ತುಂಬಾ ವರ್ಷ ದುಡಿದಿದ್ದೀರಿ, ವಿಶ್ರಾಂತಿ ಬೇಕಲ್ಲವೇ ಎಂದರು. ನಾನು ತಲೆ ಆಡಿಸಿದೆ. ಅಳುವುದು ನನಗೆ ಬರುವುದಿಲ್ಲ. ಟಿಕೆಟು ಯಾವಾಗ ಎಂದು ಕೇಳಿದೆ.

ಅಜ್ಜಿಗೆ ಇಂಗ್ಲಿಷಿನಲ್ಲಿ ಅಷ್ಟು ಗೊತ್ತಾಗುತ್ತಿತ್ತು. ಟಿಕೆಟ್ ಎಂದ ಕೂಡಲೇ ಚಾಕು ಕೆಳಗಿಟ್ಟಳು. ಮಗನನ್ನು ಒಂದು ಮಾತು ಕೇಳಿದಳು. ಅವರು ಉತ್ತರ ಕೊಟ್ಟರು. ಆಮೇಲೆ ಅವಳು ಮಾತಾಡಿದಳು. ಬೈಗುಳವಲ್ಲ, ದನಿ ಏರಿಸಲೂ ಇಲ್ಲ. ಆದರೆ ಅಷ್ಟು ದೊಡ್ಡ ಸಾಹೇಬರು ಕುರ್ಚಿಯಲ್ಲಿ ಸಣ್ಣಗಾಗುತ್ತಾ ಹೋದರು. ನಾನು ಮಗುವಿನ ತೋಳು ಹಿಡಿದೆ. ಅದು ನನ್ನ ಕಿವಿಯಲ್ಲಿ ತುಂಡು ತುಂಡಾಗಿ ಹೇಳಿತು.

ಅಜ್ಜಿ ತನ್ನ ತವರಿನಲ್ಲಿ ಎಲ್ಲರಿಗಿಂತ ಕಿರಿಯವಳಂತೆ. ಆರು ಜನ ಅಕ್ಕ ಅಣ್ಣಂದಿರ ಮೇಲೆ ಹುಟ್ಟಿದವಳು. ಮದುವೆಯಾಗಿ ಹೋದ ಮನೆಯಲ್ಲೂ ಕೊನೆಯ ಸೊಸೆ. ಜೀವಮಾನ ಪೂರ್ತಿ ಬೇರೆಯವರ ಲೋಟಕ್ಕೆ ಎರಡು ಕೈಯಲ್ಲಿ ಬಗ್ಗಿಸಿದವಳು, ಉಳಿದ ಬೆಳ್ಳುಳ್ಳಿಯನ್ನೆಲ್ಲ ಸುಲಿದವಳು. ಅವಳಿಗೆ ಒಬ್ಬಳು ತಂಗಿ ಎಂದು ಸಿಕ್ಕಿದ್ದು ಈಗ, ಈ ವಯಸ್ಸಿನಲ್ಲಿ. ಅವಳನ್ನು ಯಾವ ಧೈರ್ಯದಲ್ಲಿ ಕಳಿಸುತ್ತೀ ಎಂದು ಮಗನನ್ನು ಕೇಳಿದಳಂತೆ. ನಿನ್ನ ಅಮ್ಮ ನಾನು ಒಬ್ಬಳೇ ಅಡುಗೆ ಮಾಡಿದರೆ ಈ ಮನೆಗೆ ಆಳು ಬಂದ ಹಾಗೆ. ಅವಳು ಮಾಡಿ ನಾನು ತಪ್ಪು ಹುಡುಕಿದರೆ ಹಿರಿಯಳು ಬಂದ ಹಾಗೆ. ನಿನಗೆ ಯಾವುದು ಬೇಕು?

ಮೇಡಂ ಸೇಬಿನ ಹೋಳು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಅತ್ತೆಯ ಗೊಣಗಾಟಕ್ಕೆ ನಾನಿಲ್ಲದಿದ್ದರೆ ಇನ್ಯಾರು ಕಿವಿ ಕೊಡಬೇಕಾಗುತ್ತದೆ ಎಂದು ಅವರು ಲೆಕ್ಕ ಹಾಕಿರಲೇಬೇಕು. ಬಹಳ ಮೆಲ್ಲಗೆ, ಕೇಳಿ ನೋಡಬಹುದಲ್ಲ, ಅನುಮತಿ ಸಿಗಬಹುದು ಎಂದರು. ಸಾಹೇಬರು ಫೋನು ತೆಗೆದು ವೀಸಾ ಅರ್ಜಿ ತುಂಬಿಸುವ ಟೈಪಿಂಗ್ ಸೆಂಟರಿನವನಿಗೆ ಹಚ್ಚಿದರು. ಅಜ್ಜಿ ಸೇಬಿನ ತಟ್ಟೆಯನ್ನು ನನ್ನ ಮುಂದೆ ತಳ್ಳಿ, ತಿನ್ನು ಎಂದು ಗದ್ದ ಎತ್ತಿ ಸನ್ನೆ ಮಾಡಿದಳು. ಸಿಪ್ಪೆ ಪೂರ್ತಿ ತೆಗೆದಿರಲಿಲ್ಲ. ಹೇಳಿದೆ. ಕೈಯ ಮೇಲೆ ಒಂದು ಕೊಟ್ಟಳು.

ಕಾಗದ ಪತ್ರ ಆಗುವಷ್ಟರಲ್ಲಿ ಸಾಕುಸಾಕಾಯಿತು. ಕೊನೆಗೆ ಮೆಡಿಕಲ್‌ಗೆ ಹೋಗುವ ದಿನ ಬಂತು. ರಕ್ತ ತೆಗೆಯಬೇಕು, ಎದೆಯ ಎಕ್ಸ್‌ರೇ ತೆಗೆಯಬೇಕು, ಅದರಲ್ಲಿ ಪಾಸಾದರೆ ವೀಸಾ. ಅಜ್ಜಿ ನಾನೂ ಬರುತ್ತೇನೆ ಎಂದು ಟೋಪಿ ಹಾಕಿ ನಿಂತಳು. ಬೇಡ ಎಂದರೆ ಕೇಳುವವಳೇ? ಹೆಂಗಸರ ಸಾಲಿನಲ್ಲಿ ನನ್ನ ಹಿಂದೆ ನಿಂತು, ಯಾರಾದರೂ ನಡುವೆ ನುಗ್ಗಿದರೆ "ಯಲ್ಲಾ, ಯಲ್ಲಾ" ಎಂದು ಹಿಂದಕ್ಕೆ ಕಳಿಸಿದಳು. ಆ ಅರಬಿ ಮಾತನ್ನು ಯಾವಾಗ ಕಲಿತಳೋ. ನನ್ನ ಕುರ್ಚಿಯ ಪಕ್ಕದಲ್ಲಿ ನಿಂತು ತೋಳಿನ ಬಟ್ಟೆ ತಾನೇ ಮೇಲೆ ಸರಿಸಿ, ಕೈ ನೆಟ್ಟಗೆ ಇಟ್ಟುಕೋ ಎಂದು ತೋರಿಸಿದಳು.

ರಕ್ತ ತೆಗೆಯಲಿಕ್ಕೆ ಬಂದ ನರ್ಸು ನಮ್ಮ ಕಡೆಯವಳು. ನನ್ನ ಮಾತಿನ ಧಾಟಿ ಕೇಳಿಯೇ ಗುರುತು ಹಿಡಿದು ಊರು ಯಾವುದು ಎಂದು ಕೇಳಿದಳು. ಸೂಜಿ ಚುಚ್ಚಿದಳು. ನನಗೆ ಏನೂ ಆಗಲಿಲ್ಲ. ಸಿರಿಂಜಿನಲ್ಲಿ ರಕ್ತ ಏರುತ್ತಿದ್ದ ಹಾಗೆ ನನ್ನ ಭುಜದ ಮೇಲಿದ್ದ ಅಜ್ಜಿಯ ಕೈ ಭಾರವಾಯಿತು. ನೋಡಿದರೆ ಮುಖ ಅಕ್ಕಿಹಿಟ್ಟಿನ ಹಾಗೆ ಬೆಳ್ಳಗೆ. ಸೂಜಿ ತೋಳಿನಲ್ಲಿರುವಾಗಲೇ ನಾನು ಇನ್ನೊಂದು ಕೈಯಲ್ಲಿ ಅವಳ ಸೊಂಟ ಹಿಡಿದೆ. ನರ್ಸು ಗಡಿಬಿಡಿಯಲ್ಲಿ ಹತ್ತಿ ಒತ್ತಿ, ಓಡಿಹೋಗಿ ಕುರ್ಚಿ ಎಳೆದು ತಂದಳು. ಇಬ್ಬರೂ ಸೇರಿ ಅವಳನ್ನು ಕೂರಿಸಿದೆವು. ಹೂವಿನ ಕೋಟಿನ ಗುಂಡಿ ಬಿಚ್ಚಿ ನಾನು ನನ್ನ ಟೋಕನಿನ ಕಾಗದದಿಂದ ಗಾಳಿ ಹಾಕಿದೆ.

"ಯಾರಿವರು ಅಮ್ಮ?" ಎಂದು ನರ್ಸು ಕೇಳಿದಳು. "ನಿಮ್ಮ ಮೇಡಮ್ಮಾ?"

"ಮೇಡಮ್ಮಲ್ಲ, ನನಗಿಂತ ನಾಲ್ಕು ವರ್ಷ ಮೇಲಿನವಳು. ಮನೆಯಲ್ಲಿ ದೊಡ್ಡ ದೊಡ್ಡ ಮೀನಿನ ತಲೆ ಕಡೀತಾಳೆ, ಇಲ್ಲಿ ನೋಡಿ ಇವಳ ಕಥೆ. ನೀವು ಮೊದಲು ಇವಳಿಗೆ ಒಂದು ಲೋಟ ನೀರು ಕೊಡಿ."

ನೀರು ಬಂತು. ಅಜ್ಜಿ ಕಣ್ಣು ತೆರೆದು, ಲೋಟವನ್ನು ನೋಡಿ, ಅದನ್ನು ತಾನ್ಯಾಕೆ ಹಿಡಿಯಬೇಕು ಎಂಬ ಹಾಗೆ ನನ್ನ ಕಡೆಗೆ ನೋಡಿದಳು. ನಾನೇ ಹಿಡಿದು ಕುಡಿಸಿದೆ.